ಒಂದೇ ಚಾಪೆಯ ಪ್ರಾರ್ಥನೆ

ಬುತ್ತಿ ಹಿಡಿದು ಕುರಿಹಟ್ಟಿಗೆ ಬಂದ ಬಾಲಮಣಿ ಗೋಡೆಯ ಈಚೆಯೇ ನಿಂತುಬಿಟ್ಟಳು. ಒಳಗೆ ಅತ್ತೆ ಪೀರಮ್ಮನ ದನಿ ಏರಿತ್ತು.

"ಲಗ್ನ ಆಗಿ ಐದು ವರ್ಷ ಆತು, ತೊಟ್ಟಿಲು ತೂಗಲಿಲ್ಲ. ನಾಗಲಗಿದ್ದದಾಗ ನಮ್ಮಣ್ಣನ ಮಗಳು ಅದಾಳ, ತಂದ್ಕೋ. ಈಕೀನೂ ಇರಲಿ, ಯಾರು ಬ್ಯಾಡಂದ್ರು?"

ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಅವಳ ಗಂಡ ಮರೆಪ್ಪ ತಲೆ ಎತ್ತಲಿಲ್ಲ. "ಆಗಂಗಿಲ್ಲವ್ವ. ಈಕಿ ಒಬ್ಬಾಕೀನೇ ಅಂತ ಲಗ್ನದಾಗ ದೇವರ ಮುಂದ ಮಾತು ಕೊಟ್ಟೀನಿ."

ಬಾಲಮಣಿಯ ಎದೆ ಹಗುರಾಯಿತು. ಮರುಗಳಿಗೆಯೇ ಏನೋ ಚುಚ್ಚಿತು. ಮಾತು ಕೊಟ್ಟಿದ್ದಕ್ಕೆ ಮಾತ್ರವೇ?

ಅದು ನಿಜಾಮರ ಕಾಲ, ಜಹೀರಾಬಾದಿಗೆ ರೈಲು ಬಂದ ಹೊಸತು. ಮೊಗುಡಂಪಲ್ಲಿಯಲ್ಲಿ ಯೇಸುವನ್ನು ನಂಬಿದ ಮನೆಗಳು ನಾಲ್ಕೈದು, ಅದರಲ್ಲಿ ಮರೆಪ್ಪನದೂ ಒಂದು. ಪೀರಮ್ಮ ಮಾತ್ರ ತನ್ನ ಹಳೆಯ ದೇವರನ್ನು ಬಿಟ್ಟಿರಲಿಲ್ಲ. ಕಲ್ಹೇರಿನಿಂದ ಬಂದ ಸೊಸೆ ಮನೆ ತುಂಬ ನಗುತ್ತ, ಗಂಡನ ಮೀಸೆಯನ್ನು ಛೇಡಿಸುತ್ತ ಓಡಾಡುವವಳು. ಕುರಿಹಟ್ಟಿಯಲ್ಲಿ ಆ ಮಾತು ಕೇಳಿದಂದಿನಿಂದ ಅವಳ ನಗು ನಿಂತಿತು.

"ಏನಾತು?" ಎಂದು ಮರೆಪ್ಪ ಕೇಳಿದರೆ "ಏನಿಲ್ರಿ" ಎನ್ನುವಳು. ಗುಡ್ಡದಿಂದ ಸೀತಾಫಲ ತಂದು ಅವಳ ಸೆರಗಿಗೆ ಹಾಕಿದ. ಅವಳು ಅದನ್ನು ಅತ್ತೆಗೆ ಕೊಟ್ಟಳು. ಅವನ ಮುಖ ಸಣ್ಣದಾಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಯ ಹೆಂಡತಿ ಸಕ್ಕುಬಾಯಿ ಇಬ್ಬರನ್ನೂ ತಡೆದಳು.

"ಪ್ರಾರ್ಥನಿ ಕೂಡಿ ಮಾಡ್ತೀರೇನು?"

"ಇವ್ರು ಕುರಿ ಹತ್ರ ಮಾಡ್ತಾರ, ನಾ ಒಲಿ ಮುಂದ," ಎಂದಳು ಬಾಲಮಣಿ.

"ಒಂದೇ ಚಾಪಿ ಮ್ಯಾಲ ಕುಂತು ಗಟ್ಯಾಗಿ ಮಾಡ್ರಿ. ದೇವ್ರಿಗಿ ಹೇಳೋದು ಒಬ್ರಿಗೊಬ್ರು ಕೇಳಲಿ. ಸಂಸಾರ ತಾನಾಗೇ ಗಟ್ಟಿ ಆಗಂಗಿಲ್ಲ, ಇಬ್ರೂ ದುಡೀಬೇಕು."

ಮೊದಲ ಸಂಜೆ ಮರೆಪ್ಪ ಬೆವರಿದ. ಮಳೆ ಬೇಡಿದ, ಕುಂಟುವ ಟಗರಿಗಾಗಿ ಬೇಡಿದ, ಆಮೇಲೆ ಆಮೆನ್ ಅಂದುಬಿಟ್ಟ. ಬಾಲಮಣಿಗೆ ನಗು ಬಂದರೂ ತುಟಿ ಕಚ್ಚಿಕೊಂಡಳು. ಮರುಸಂಜೆಯೂ ಅದೇ ಮಳೆ, ಅದೇ ಟಗರು. ಆದರೂ ಅವನು ತಪ್ಪಿಸಲಿಲ್ಲ. ಎಷ್ಟು ದಣಿದು ಬಂದರೂ ಕೈಕಾಲು ತೊಳೆದು, ಚಾಪೆ ಹಾಸಿ ಅವಳಿಗಾಗಿ ಕಾಯುತ್ತಿದ್ದ.

ಅದನ್ನು ನೋಡಿ ನೋಡಿಯೇ ಒಂದು ಸಂಜೆ ಅವಳಿಗೆ ಧೈರ್ಯ ಬಂತು. ಕಣ್ಣು ಮುಚ್ಚಿಕೊಂಡೇ ಹೇಳಿದಳು: "ತಂದೀ, ಇವ್ರು ನನ್ನನ್ನ ಕೊಟ್ಟ ಮಾತಿಗೋಸ್ಕರ ಇಟ್ಕೊಂಡಾರೋ, ಮನಸಿಂದ ಇಟ್ಕೊಂಡಾರೋ ತಿಳೀವಲ್ದು. ಕೇಳಾಕ ಅಂಜಿಕಿ ಆಗ್ತದ."

ಮರೆಪ್ಪನೂ ಕಣ್ಣು ಮುಚ್ಚಿಕೊಂಡೇ ಬೇಡಿದ: "ತಂದೀ, ಈಕಿಗಿ ನೀನೇ ತಿಳಿಸಿ ಹೇಳಪ್ಪಾ..."

"ದೇವ್ರು ಬ್ಯಾಡ. ನೀವು ಹೇಳ್ರಿ."

ಮರೆಪ್ಪ ಕಣ್ಣು ಬಿಟ್ಟ. ಅವಳ ರೆಪ್ಪೆಗಳು ಒದ್ದೆಯಾಗಿದ್ದವು.

"ಮುಂಜಾನಿ ನಿನ್ನ ಮಾರಿ ನೋಡಿ ಹೋಗದಿದ್ರ ನನಗ ಕುರಿ ಎಣಿಸಾಕ ಬರಂಗಿಲ್ಲ. ಹತ್ತಕ್ಕ ಬಂದು ಮತ್ತ ಒಂದರಿಂದ ಸುರು ಮಾಡ್ತೀನಿ. ಅವ್ವಗ ಇದನ್ನ ಹ್ಯಾಂಗ ಹೇಳ್ಲಿ? ನಾಚ್ಕಿ ಬಂತು. ಅದ್ಕ ಮಾತು ಕೊಟ್ಟೀನಿ ಅಂದೆ."

"ಕೂಸು ಆಗದಿದ್ರ?"

"ಆದ್ರ ಮೂರು ಮಂದಿ, ಇಲ್ದಿದ್ರ ಇಬ್ರು. ನೀ ಇಲ್ದ ನಾ ಒಬ್ನೇ ಹ್ಯಾಂಗಿರ್ಲಿ?"

ಅವಳು ಅತ್ತಳು, ಅಳುತ್ತಲೇ ನಕ್ಕಳು.

ಮರುದಿನ ಮರೆಪ್ಪ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಾಯಿಗೆ ಹೇಳಿದ: "ಅವ್ವಾ, ನನಗ ಈಕಿನೇ ಬೇಕು. ಇನ್ನೊಬ್ಬಾಕಿ ಮಾತು ಎತ್ತಬ್ಯಾಡ." ಪೀರಮ್ಮ ಮುನಿದು ಅಣ್ಣನ ಮನೆಗೆ ಹೋದಳು. ಬಾಲಮಣಿ ಮಾತ್ರ ದಿನವೂ ಅವಳ ಹೆಸರೆತ್ತಿ ಪ್ರಾರ್ಥಿಸಿದಳು. ಜೋಳದ ಸುಗ್ಗಿಗೆ ಗಂಡಹೆಂಡಿರಿಬ್ಬರೂ ಹೋಗಿ ಕರೆದಾಗ, ಗೊಣಗುತ್ತಲೇ ಗಾಡಿ ಹತ್ತಿದಳು.

ಆ ಸಂಜೆ ಇಬ್ಬರೂ ಕಣ್ಣು ಮುಚ್ಚಿದ್ದಾಗ ಹೊಸ್ತಿಲಲ್ಲಿ ಸದ್ದಾಯಿತು.

"ನನ್ನ ಮೊಣಕಾಲು ಭಾಳ ನೋಯ್ತದ. ನಿಮ್ಮ ದೇವ್ರಿಗಿ ಅದೂ ಒಂದೀಟು ಹೇಳ್ರಿ," ಎಂದಳು ಪೀರಮ್ಮ, ಎತ್ತಲೋ ನೋಡುತ್ತ.

ಬಾಲಮಣಿ ಸರಿದು ಜಾಗ ಮಾಡಿಕೊಟ್ಟಳು. ಸರಿದಾಗ ಅವಳ ಭುಜ ಮರೆಪ್ಪನ ಭುಜಕ್ಕೆ ತಾಗಿತು. ಅತ್ತೆ ನೋಡುತ್ತಿದ್ದರೂ ಅವಳು ಹಿಂದೆ ಸರಿಯಲಿಲ್ಲ.