ಅಂಟು ಒಣಗುವಷ್ಟು ಹೊತ್ತು

"ಅಯ್ಯೋ, ಮುಟ್ಟಬೇಡಿ!"

ಅವಳು ಕೂಗುವಷ್ಟರಲ್ಲಿ ತಡವಾಗಿತ್ತು. ಕೌಂಟರಿನ ಆಚೆ ನಿಂತಿದ್ದವನು, ಆಗತಾನೇ ಯಂತ್ರದಲ್ಲಿ ಕತ್ತರಿಸಿ ಇಟ್ಟಿದ್ದ ಕಪ್ಪು ಪ್ಲೇಟಿನ ಅಂಚಿನ ಮೇಲೆ ಹೆಬ್ಬೆರಳು ಎಳೆದೇಬಿಟ್ಟಿದ್ದ.

"ಸ್ಸ್..."

ಹಿಂದೆಮುಂದೆ ನೋಡದೆ ಅವನ ಕೈ ಹಿಡಿದು ಕಿಟಕಿಯ ಬೆಳಕಿಗೆ ಎಳೆದಳು. ಚರ್ಮದೊಳಗೆ ಕೂದಲಿಗಿಂತ ತೆಳ್ಳಗಿನ ಕಪ್ಪು ಸಿಬಿರು.

"ಕಾರ್ಬನ್ ಫೈಬರ್ ಇದು. ಅಂಚಿಗೆ ಅಂಟು ಕುಡಿಸೋ ತನಕ ಮುಳ್ಳಿದ್ದ ಹಾಗೆ. ಗೊತ್ತಾಗಲ್ವಾ?"

"ನೋಡೋಕೆ ರೇಷ್ಮೆ ಥರ ಇತ್ತು..."

ಚಿಮುಟದಿಂದ ಸಿಬಿರನ್ನು ಕಿತ್ತಳು. ಕೆಲಸ ಮುಗಿದಿತ್ತು. ಕೈ ಮಾತ್ರ ಇನ್ನೂ ಅವಳ ಕೈಯಲ್ಲೇ ಇತ್ತು! ಮುಖ ಬಿಸಿಯಾಗಿ ತಟ್ಟನೆ ಬಿಟ್ಟಳು.

ಅದು ಅವಳ ಚಿಕ್ಕಪ್ಪನ ಅಂಗಡಿ. ಹವ್ಯಾಸಕ್ಕೆ ರಿಮೋಟ್ ಕಾರು ಓಡಿಸುವವರಿಗೆ ಬಿಡಿಭಾಗ ಮಾಡಿಕೊಡುವ ಪುಟ್ಟ ಜಾಗ. ಕಾರಿನ ತಳಕ್ಕೆ ಕೂರುವ ಪ್ಲೇಟು ಕತ್ತರಿಸುವುದು ಚಿಕ್ಕಪ್ಪ, ಅಂಚು ಮುಗಿಸುವುದು ಅವಳು. ನೀರು ಹಾಕಿ ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಸ್ಪಿರಿಟಿನಲ್ಲಿ ಒರೆಸಿ, ನೀರಿನಷ್ಟು ತೆಳುವಾದ ಅಂಟನ್ನು ಅಂಚಿನುದ್ದಕ್ಕೂ ಹರಿಸುವಳು. ಹಾಗೆ ಮಾಡದಿದ್ದರೆ ಒಂದೇ ಢಿಕ್ಕಿಗೆ ಪ್ಲೇಟು ಪದರಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಅವಳು ಮುಗಿಸಿದ ಅಂಚು ಬಿಚ್ಚಿಕೊಂಡಿದ್ದೇ ಇಲ್ಲ. ಓದು ಅರ್ಧಕ್ಕೆ ನಿಂತ ಹುಡುಗಿಗೆ, ನಾಲ್ಕು ಜನರ ಮುಂದೆ ತಲೆ ಎತ್ತಿ ಹೇಳಿಕೊಳ್ಳಲು ಇದ್ದದ್ದು ಅದೊಂದೇ ಹೆಮ್ಮೆ.

ಅವನು ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟವನು. ಚಿಕ್ಕಪ್ಪ ಅವನಿಗೆ 'ಕನ್ನಡಕ' ಎಂದೇ ಹೆಸರಿಟ್ಟರು.

ತನ್ನ ಕಾರಿಗೆ ಮಾಡಿಸಿದ ಆ ಪ್ಲೇಟು ಒಯ್ದ ಮೇಲೆ ಒಂದೂವರೆ ತಿಂಗಳು ಸುಳಿವಿರಲಿಲ್ಲ. ಆಮೇಲೊಂದು ಗುರುವಾರ ಅದೇ ಪ್ಲೇಟು ಹಿಡಿದು ಬಂದ.

"ಅಂಚು ಸ್ವಲ್ಪ ಒರಟಾಗಿದೆ. ಇನ್ನೊಂದ್ಸಲ ಹಚ್ಚಿ ಕೊಡ್ತೀರಾ?"

ಮುಂದಿನ ಗುರುವಾರವೂ ಬಂದ. ಅದರ ಮುಂದಿನದೂ...

"ಒಣಗೋಕೆ ಅರ್ಧ ಗಂಟೆ ಬೇಕು. ಕೂತ್ಕೊಳ್ಳಿ," ಎನ್ನುವಳು. ನಿಜಕ್ಕೂ ನಾಲ್ಕೈದು ನಿಮಿಷ ಸಾಕಿತ್ತು. ಆ ಸುಳ್ಳು ನಾಲಿಗೆಯ ಮೇಲೆ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ! ಒಳಗೆ ಯಂತ್ರದ ಹತ್ತಿರ ಚಿಕ್ಕಪ್ಪ ಸುಮ್ಮಸುಮ್ಮನೆ ಕೆಮ್ಮುವರು.

ಸ್ಟೂಲಿನ ಮೇಲೆ ಕೂತು ಅವನು ಅಂಗಡಿಗೆ ಬಂದವರ ಕಥೆ ಹೇಳುವನು.

"ಇವತ್ತೊಬ್ಬರು ಅಜ್ಜಿ ಹೊಸ ಕನ್ನಡಕ ಹಾಕ್ಕೊಂಡು ಪಕ್ಕದಲ್ಲಿದ್ದ ಅಜ್ಜನ್ನ ನೋಡಿದ್ರು. 'ಅಯ್ಯೋ, ಇವರಿಗೆ ಇಷ್ಟೊಂದು ಸುಕ್ಕಾ?' ಅಂದ್ಬಿಟ್ರು."

"ಅಜ್ಜ ಏನಂದ್ರು?"

"'ಕನ್ನಡಕ ವಾಪಸ್ ತಗೊಳ್ಳಿ' ಅಂದ್ರು."

ಅವಳು ನಕ್ಕಾಗ ಅವನು ಮಾತು ಮರೆತು ನೋಡುತ್ತ ಕೂರುತ್ತಿದ್ದ. ಕಿಟಕಿಯ ಬಿಸಿಲು ಒದ್ದೆ ಅಂಚಿನ ಮೇಲೆ ಜಾರಿ, ಅದೊಂದು ಕಪ್ಪು ಹೊಳೆಯಂತೆ ಮಿನುಗುತ್ತಿತ್ತು. ಆ ಅರ್ಧ ಗಂಟೆ ಅವಳಿಗೆ ನೆಲದ ಮೇಲೆ ಕಾಲೇ ಇರುತ್ತಿರಲಿಲ್ಲ. 'ಇವತ್ತು ಯಾವ ವಾರ?' ಎಂದು ಬೆಳಗ್ಗೆ ಎದ್ದವಳೇ ತನ್ನನ್ನು ತಾನೇ ಕೇಳಿಕೊಳ್ಳುವಳು.

ಆದರೆ ಐದನೇ ಗುರುವಾರ ಅವನು ಬರುವ ಮೊದಲೇ ಚಿಕ್ಕಪ್ಪ ಒಂದು ಮಾತಂದರು. ಹಿಂದಿನ ವಾರ ಅವನು ತಂದ ಪ್ಲೇಟನ್ನು ಅವರೂ ನೋಡಿದ್ದರು.

"ಪುಟ್ಟಿ, ಓಟದಲ್ಲಿ ತಾಗಿದ್ರೆ ಅಲ್ಲಲ್ಲಿ ಚಕ್ಕೆ ಏಳ್ಬೇಕು. ಅದು ಹಾಗಿರಲಿಲ್ಲ. ನುರಿತ ಕೈ ಯಾವುದೋ ಒಂದೇ ಸಮ ಉಜ್ಜಿದೆ. ಬೇರೆ ಕಡೆಯೂ ಮಾಡಿಸ್ತಿದಾನೇನೋ ನೋಡು."

ಅವಳು ಕೈಲಿದ್ದ ಬಾಟಲಿಯನ್ನು ಮೇಜಿಗೆ ಕುಕ್ಕಿದಳು. 'ನನ್ನ ಕೆಲಸ ಕೆರೆದು ತೆಗೆದು ಬೇರೆಯವರ ಕೈಲಿ ಮಾಡಿಸ್ತಾನಾ? ಸರಿ ಬರದಿದ್ರೆ ಮತ್ತೆ ನನ್ನ ಹತ್ರ ತರ್ತಾನಾ? ಮತ್ತೆ ಆ ನಗು, ಆ ಕಥೆ... ಎಲ್ಲಾ ಏನು?'

ಅವನು ಬಂದಾಗ ಸ್ಟೂಲು ಕೊಡಲಿಲ್ಲ.

"ಇದನ್ನ ಉಜ್ಜಿದ್ಯಾರು?"

ಅವನ ಮುಖ ಬಿಳಿಚಿತು. "ಅದು... ಅಂದ್ರೆ..."

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ್ರೆ ಇಲ್ಲಿಗೆ ಬರಬೇಡಿ. ಅವರ ಹತ್ರಾನೇ ಮಾಡಿಸಿಕೊಳ್ಳಿ!"

ಅವನು ಪ್ಲೇಟು ಎತ್ತಿಕೊಂಡು ಹೊರಟುಹೋದ.

ಮುಂದಿನ ಮೂರು ಗುರುವಾರಗಳು ಖಾಲಿ ಖಾಲಿ. 'ಬರಬೇಡಿ ಅಂದವಳು ನಾನೇ ತಾನೆ? ಮತ್ತೆ ಬಾಗಿಲು ಯಾಕೆ ನೋಡ್ತೀನಿ?' ಅಂಟಿನ ಬಾಟಲಿಯ ಮುಚ್ಚಳ ತೆರೆದೇ ಬಿಟ್ಟು, ಇಡೀ ಬಾಟಲಿ ಗಟ್ಟಿಯಾಗಿಹೋಯಿತು. ಬೈಯಬೇಕಿದ್ದ ಚಿಕ್ಕಪ್ಪ ತಾವೇ ಹೋಗಿ ಹೊಸ ಬಾಟಲಿ ತಂದಿಟ್ಟರು.

ಆ ಭಾನುವಾರ ರಿಮೋಟ್ ಕಾರುಗಳ ಸ್ಪರ್ಧೆ. ದೊಡ್ಡ ಹಳೆಯ ಗೋದಾಮಿನಲ್ಲಿ ಬೂದು ಕಾರ್ಪೆಟ್ ಹಾಸಿ ಟ್ರ್ಯಾಕ್ ಮಾಡಿದ್ದರು. ಪಕ್ಕದಲ್ಲಿ ಚಿಕ್ಕಪ್ಪನ ರಿಪೇರಿ ಮೇಜು. "ನನಗೆ ಸೊಂಟ ನೋವು, ನೀನೂ ಬಾ," ಎಂದು ಅವಳನ್ನೂ ಎಳೆದು ತಂದಿದ್ದರು.

ಅವನೂ ಇದ್ದ. ಇಬ್ಬರ ಕಣ್ಣೂ ಸೇರಿ, ತಕ್ಷಣ ಬೇರೆಯಾದವು.

ಮೊದಲೆರಡು ಸುತ್ತು ಅವನ ಕಾರು ಬಾಣದಂತೆ ಓಡಿತು. ಮೂರನೆಯದರಲ್ಲಿ, ತಿರುವಿನಲ್ಲಿ, ಬ್ಯಾಟರಿ ಹೊರಗೆ ಹಾರಿತು! ಕಾರು ನಿಂತೇಹೋಯಿತು. ಅವನು ಅದನ್ನೆತ್ತಿಕೊಂಡು ಹೋಗುವಾಗ, "ಓ ಕನ್ನಡಕ, ಇಲ್ಲಿ ಕೊಡಿ ನೋಡೋಣ," ಎಂದು ಚಿಕ್ಕಪ್ಪ ಕರೆದರು.

ತಲೆ ತಗ್ಗಿಸಿಯೇ ಬಂದ. ಪ್ಲೇಟಿನಲ್ಲಿ ಬ್ಯಾಟರಿ ಕೂರುವ ಕಿಂಡಿಗೆ ಅಳತೆ ಹಿಡಿದು ಚಿಕ್ಕಪ್ಪ ಹುಬ್ಬೇರಿಸಿದರು.

"ಒಂದೂವರೆ ಮಿಲಿಮೀಟರ್ ಜಾಸ್ತಿ ಅಗಲ ಆಗಿದೆಯಲ್ರೀ! ಬ್ಯಾಟರಿಗೆ ಕಟ್ಟಿದ ಪಟ್ಟಿ ಏನು ತಡೆಯುತ್ತೆ? ಯಾರು ಉಜ್ಜಿದ್ದು ಇದನ್ನ?"

"ನಾನೇ."

ಅವಳು ತಲೆಯೆತ್ತಿದಳು.

"ಲೆನ್ಸಿನ ಅಂಚು ಉಜ್ಜಿ ಉಜ್ಜಿ ಅಭ್ಯಾಸ ಆಗಿರೋ ಕೈ..." ಅವನು ಅವಳನ್ನೇ ನೋಡುತ್ತಿದ್ದ. "ನೀವು ಮುಗಿಸಿ ಕೊಟ್ಟಿದ್ದನ್ನ ಪ್ರತಿ ಬುಧವಾರ ಉಜ್ಜಿ ತೆಗೀತಿದ್ದೆ."

"ಯಾಕೆ?"

"ಗುರುವಾರ ಬರಬೇಕಿತ್ತಲ್ಲ..."

ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ನೀರಡಿಕೆಯಾಯಿತು. ಎದ್ದು ಹೋದರು.

"ಮೊದಲು ಒಂದೂವರೆ ತಿಂಗಳು ಅದು ತಾನಾಗಿ ಬಿಚ್ಚಿಕೊಳ್ಳಲಿ ಅಂತ ಕಾದೆ," ಅವನು ಹೇಳಿದ. "ಗೋಡೆಗೆ ಹೊಡೆಸಿದೆ, ಮೆಟ್ಟಿಲ ಮೇಲಿಂದ ಬೀಳಿಸಿದೆ... ಏನೂ ಆಗಲಿಲ್ಲ! ನಿಮ್ಮ ಕೆಲಸ ಅಷ್ಟು ಗಟ್ಟಿ. ಬೇರೆ ದಾರಿ ಕಾಣಲಿಲ್ಲ."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಬಾಯಿಂದ ಹೊರಟದ್ದು ಮಾತ್ರ ಬೇರೆಯೇ.

"ಹಾಗೇ ಒಣದಾಗಿ ಉಜ್ಜಿದ್ರಾ? ಆ ಧೂಳು ಎದೆಗೆ ಹೋದ್ರೆ ಏನು ಗತಿ?"

"ನೀರು ಹಾಕಿಯೇ. ಮಾಸ್ಕೂ ಹಾಕಿದ್ದೆ. ನಿಮ್ಮನ್ನ ನೋಡಿ ಕಲಿತಿದ್ದು."

"ಆವತ್ತು ಕೇಳಿದಾಗಲೇ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಜೋಪಾನವಾಗಿ ಮಾಡಿದ್ದನ್ನ ಹಾಳು ಮಾಡಿದವನು ನಾನೇ ಅಂತ ಯಾವ ಬಾಯಲ್ಲಿ ಹೇಳಲಿ? ನಾಚಿಕೆ ಆಯ್ತು... ತಪ್ಪಾಯ್ತು."

ಟ್ರ್ಯಾಕಿನಲ್ಲಿ ಕಾರುಗಳು ದುಂಬಿಗಳಂತೆ ಗುಂಯ್‌ಗುಡುತ್ತಿದ್ದವು. ಯಾರು ಗೆಲ್ಲುತ್ತಿದ್ದರೋ, ಇಬ್ಬರಿಗೂ ಗೊತ್ತಿರಲಿಲ್ಲ.

ಅವಳು ಆ ಸವೆದ ಪ್ಲೇಟನ್ನು ಕಾರಿನಿಂದ ಬಿಚ್ಚಿ ಬಟ್ಟೆಯಲ್ಲಿ ಮೆಲ್ಲಗೆ ಸುತ್ತಿದಳು.

"ಇದು ನನ್ನ ಹತ್ರ ಇರಲಿ. ನಿಮಗೆ ಹೊಸದು ಮಾಡಿಕೊಡ್ತೀವಿ. ಆದ್ರೆ ಅದರ ಅಂಚಿನ ತಂಟೆಗೆ ನೀವು ಹೋಗೋ ಹಾಗಿಲ್ಲ."

"ಹಾಗಾದ್ರೆ... ಏನು ನೆಪ ಹೇಳ್ಕೊಂಡು ಬರಲಿ?"

"ನನ್ನ ನೋಡೋಕೆ ಅಂತ ಹೇಳಿ."

ಅವನು ಕಣ್ಣರಳಿಸಿದ. "ಯಾರಾದ್ರೂ ಕೇಳಿದ್ರೆ?"

"ಕೇಳಿದವರಿಗೂ ಅದನ್ನೇ ಹೇಳಿ."

"ಗುರುವಾರದ ತನಕ ಕಾಯಬೇಕಾ?"

ಅವಳು ನಾಚಿ ಮುಖ ತಿರುಗಿಸಿದಳು.

"ನಾಳೆ ಅಂಗಡಿ ತೆಗೆದಿರುತ್ತೆ."