ಬೆಳಕೆಯ ಕೆಂಪು ಚುಕ್ಕೆ

"ಆ ಕೆಂಪು ಚುಕ್ಕೆ ನಾನೇ, ಮೇಡಂ."

ಹಿಂದಿನ ಸಾಲಿನಿಂದ ಎದ್ದು ನಿಂತವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಜರಿ ಕೂಗಿದಾಗ ಓಗೊಡುವಂತೆ ಹೇಳಿದ್ದ. ಆದರೂ ಭಟ್ಕಳ ತಾಲೂಕು ಕಚೇರಿಯ ಸಭಾಂಗಣದಲ್ಲಿ ಎಲ್ಲರ ತಲೆಗಳೂ ಅವನತ್ತ ತಿರುಗಿದವು.

ಪರದೆಯ ಪಕ್ಕ ನಿಂತಿದ್ದ ಸುಷ್ಮಾ ನಕ್ಷೆಯ ಮೇಲಿಟ್ಟಿದ್ದ ಕಡ್ಡಿಯನ್ನು ಕೆಳಗಿಳಿಸಿದಳು.

ಅವಳು ಹೊನ್ನಾವರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಎರಡು ವರ್ಷದ ಹಿಂದಿನ ಆಗಸ್ಟ್ ನೆರೆಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಿಗೆ ಆದ ಖರ್ಚನ್ನು ಸರಕಾರವೇ ಜಾಲತಾಣದಲ್ಲಿ ಹಾಕಿತ್ತು. ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಯಾರೂ ನೋಡಿರಲಿಲ್ಲ, ಅಷ್ಟೆ. ಸುಷ್ಮಾ ತನ್ನ ವಿದ್ಯಾರ್ಥಿಗಳ ಜೊತೆ ಕೂತು ಅದನ್ನೆಲ್ಲ ಜೋಡಿಸಿ ನಕ್ಷೆ ಮಾಡಿದ್ದಳು. ಒಂದು ಕೇಂದ್ರಕ್ಕೆ ಒಂದು ಚುಕ್ಕೆ.

ಅಕ್ಕಿ, ಬೇಳೆ, ಗ್ಯಾಸು, ಹೊದಿಕೆ... ಎಲ್ಲ ಕಡೆಯೂ ಖರ್ಚು ಸುಮಾರು ಒಂದೇ. ಬೆಳಕೆಯ ಶಾಲೆಯಲ್ಲಿ ಮಾತ್ರ 'ಇತರೆ' ಎಂಬ ಕಾಲಮಿನಲ್ಲಿ ಉಳಿದ ಯಾವ ಕೇಂದ್ರದಲ್ಲೂ ಇಲ್ಲದಷ್ಟು ಖರ್ಚು. ಅದಕ್ಕೆ ಕೆಂಪು ಹಚ್ಚಿದ್ದಳು. ಆ ಚುಕ್ಕೆಗೆ ಕೈಕಾಲು ಬಂದು ಎದ್ದು ನಿಲ್ಲುತ್ತದೆ ಎಂದು ಎಣಿಸಿರಲಿಲ್ಲ.

"ರಮಾನಂದ ಭಟ್ಟ. ಬೆಳಕೆಯ ಗ್ರಾಮ ಆಡಳಿತಾಧಿಕಾರಿ. ಕೇಂದ್ರ ನೋಡಿಕೊಂಡದ್ದು ನಾನು."

ತಹಶೀಲ್ದಾರರು ಕನ್ನಡಕ ತೆಗೆದರು. "ಇತರೆ ಅಂದ್ರೆ ಎಂತದ್ರೀ?"

ಅವನು ಒಮ್ಮೆ ಸುಷ್ಮಾಳನ್ನು ನೋಡಿದ. ಪರಿಚಯದವರನ್ನು ನೋಡಿದಂಥ ನೋಟ ಅದು. ಮರುಕ್ಷಣ ಕಣ್ಣು ಕೆಳಗಿಳಿಸಿದ.

"ಬಿಲ್ ಇಲ್ಲ, ಸರ್."

"ಹಾಗಾದ್ರೆ ನೋಟಿಸ್ ಬರ್ತದೆ. ಮುಂದಿನ ಸಭೆಯೊಳಗೆ ಸಮಜಾಯಿಷಿ ಕೊಡಿ. ಇಲ್ದಿದ್ರೆ ಅಮಾನತು ಮಾಡದೆ ನಂಗೆ ಬೇರೆ ದಾರಿ ಇಲ್ಲ." ಅವರು ಸುಷ್ಮಾಳ ಕಡೆ ತಿರುಗಿದರು. "ನೀವೂ ಸ್ಥಳಕ್ಕೆ ಹೋಗಿ ನೋಡ್ಕಂಡು ಬನ್ನಿ ಮೇಡಂ. ಕಂಪ್ಯೂಟರಲ್ಲಿ ಕಂಡದ್ದನ್ನೇ ವರದಿ ಅಂತ ಜಿಲ್ಲೆಗೆ ಕಳ್ಸೂಕೆ ಆಗೂದಿಲ್ಲ."

*

ಹೀಗೆ ಯಾರ ಮೇಲೆ ಅನುಮಾನವೋ ಅವನ ಬೈಕಿನ ಹಿಂದೆಯೇ ಕೂತು ಸುಷ್ಮಾ ಶಾಲೆಯಿಂದ ಶಾಲೆಗೆ ತಿರುಗಿದಳು.

ಕಳ್ಳ ಎಂದುಕೊಂಡು ಹೋದವಳಿಗೆ ಕಳ್ಳತನದ ಕುರುಹು ಎಲ್ಲೂ ಸಿಗಲಿಲ್ಲ. ಬೆಳಕೆಯಲ್ಲಿ ಮುದುಕಿಯರು ಅವನನ್ನು ತಡೆದು ನಿಲ್ಲಿಸಿ ಪಿಂಚಣಿಯ ವಿಷಯ ಕೇಳುತ್ತಿದ್ದರು. ಅವನು ಬೈಕು ಆರಿಸಿ, ಇಳಿದು, ಉತ್ತರಿಸುತ್ತಿದ್ದ. ಒಂದು ದಿನ ಜಡಿಮಳೆ ಹಿಡಿದಾಗ ತನ್ನ ಕೊಡೆಯನ್ನು ಅವಳ ತಲೆಗಲ್ಲ, ಲ್ಯಾಪ್‌ಟಾಪಿನ ಚೀಲಕ್ಕೆ ಹಿಡಿದ.

"ನಾನು ನೆನೀತಾ ಇದ್ದೇನಲ್ಲ!"

"ನೀವು ಒಣಗ್ತೀರಿ. ಅದು ಒಣಗೂದಿಲ್ಲ."

ಅವಳಿಗೆ ನಗು ಬಂತು. ಬರಬಾರದಿತ್ತು ಎಂದು ಆಮೇಲೆ ಅನಿಸಿತು. 'ಇವನ ಮೇಲೇ ವರದಿ ಬರೆಯಬೇಕು ನಾನು...'

ಮಾವಳ್ಳಿಯ ಕೇಂದ್ರದಲ್ಲಿ 'ಇತರೆ' ಸೊನ್ನೆ. ನೆರೆಯಲ್ಲಿ ಅಲ್ಲಿದ್ದ ಹೊನ್ನಮ್ಮ ಎಂಬ ಹೆಂಗಸು ಮಾತಿಗೆ ಸಿಕ್ಕಿದಳು.

"ನಾವು ಎರಡೇ ದಿನ ಇದ್ದದ್ದು ತಂಗೀ. ಮತ್ತೆ ಮನಿಗೆ ಹೋದ್ವು."

"ನೀರು ಇಳಿದಿತ್ತಾ?"

"ಎಲ್ಲಿ ಇಳೀತದೆ? ಸೊಂಟದ ಮಟ್ಟ ಇತ್ತು."

"ಮತ್ತೆ ಯಾಕೆ ಹೋದ್ರಿ?"

"ಬಾಯಿಗೆ ರುಚಿ ಬ್ಯಾಡವಾ?" ಎಂದು ಹೊನ್ನಮ್ಮ ನಕ್ಕಳು. ತಮಾಷೆ ಎಂದುಕೊಂಡು ಸುಷ್ಮಾ ಅದನ್ನು ಬರೆದುಕೊಳ್ಳಲಿಲ್ಲ.

ಹಿಂದಿರುಗುವಾಗ ಹೆದ್ದಾರಿಯ ಬದಿಯ ಚಾದಂಗಡಿಯಲ್ಲಿ ಅವಳು ನೇರವಾಗಿ ಕೇಳಿದಳು. "ಇತರೆ ಅಂದ್ರೆ ಎಂತ? ಒಂದು ಶಬ್ದ ಹೇಳಿ, ಸಾಕು."

"ಬಿಲ್ ಇಲ್ಲ ಅಂದೆನಲ್ಲ."

"ನಾನು ಬಿಲ್ ಕೇಳ್ಲಿಲ್ಲ. ಎಂತಕ್ಕೆ ಖರ್ಚಾತು ಕೇಳ್ದೆ."

ಅವನು ಗ್ಲಾಸಿನೊಳಗೇ ನೋಡುತ್ತಿದ್ದ. "ಯಾರಿಗಾದ್ರೂ ಹೇಳ್ಬಹುದು. ನಿಮಗೆ ಮಾತ್ರ ಹೇಳೂಕಾಗೂದಿಲ್ಲ."

ನಿಮಗೆ ಮಾತ್ರ...

ಸುಷ್ಮಾಳ ಮುಖಕ್ಕೆ ಬಿಸಿ ಏರಿತು. ಇಷ್ಟು ದಿನ ಜೊತೆಗೆ ತಿರುಗಿದ್ದಕ್ಕೆ ಸಿಕ್ಕ ಮರ್ಯಾದೆ ಇದು! ಚಾ ಅರ್ಧಕ್ಕೇ ಬಿಟ್ಟು ಎದ್ದಳು.

"ಆತು. ವರದಿಯಲ್ಲಿ ಇದ್ದದ್ದು ಇದ್ದ ಹಾಗೇ ಇರ್ತದೆ."

ಬಂದ ಮೊದಲ ಬಸ್ಸು ಹತ್ತಿದಳು. ಅವನು ತಡೆಯಲಿಲ್ಲ. ತಡೆಯಬಹುದಿತ್ತು ಎಂದು ಹೊನ್ನಾವರ ಮುಟ್ಟುವವರೆಗೂ ಅನಿಸುತ್ತಲೇ ಇತ್ತು. ಅದಕ್ಕಾಗಿ ತನ್ನ ಮೇಲೇ ಸಿಟ್ಟೂ ಬರುತ್ತಿತ್ತು.

*

ಭಾನುವಾರ ಮಧ್ಯಾಹ್ನ. ಅವಳ ತಾಯಿ ಮಂಜಿ ಜಗಲಿಯ ಮೇಲೆ ಒಣಸಿಗಡಿಯ ತಲೆ ಮುರಿಯುತ್ತ ಕೂತಿದ್ದಳು. ಪೇಟೆಯಲ್ಲಿ ಮೀನು ಮಾರಿಯೇ ಮಗಳನ್ನು ಧಾರವಾಡದವರೆಗೆ ಓದಿಸಿದವಳು ಅವಳು.

"ಎಂತ ಮಗಾ, ಮುಖ ಹಂಗೆ ಮಾಡ್ಕಂಡಿದ್ದೆ? ಬಂಗಡೆ ಹಾಳಾದಂಗೆ."

"ಎಂತ ಇಲ್ಲ. ಬೆಳಕೆಯ ಶಾನಭೋಗ ಒಬ್ಬ ಇದ್ದಾನೆ..."

"ಯಾರು, ಭಟ್ರ ಮಾಣಿಯಾ?"

ಸುಷ್ಮಾ ತಲೆಯೆತ್ತಿದಳು. "ನಿಂಗೆ ಹೆಂಗೆ ಗೊತ್ತು?"

ಮಂಜಿ ನಗತೊಡಗಿದಳು. ಕಣ್ಣಲ್ಲಿ ನೀರು ಬಂದು, ಉಪ್ಪು ಕೈಯಲ್ಲೇ ಒರೆಸಿಕೊಂಡು, ಉರಿಯಾಗಿ, ಸೆರಗಿನಿಂದ ಒತ್ತಿಕೊಂಡಳು.

"ನೆರೆ ಬಂದಾಗ ನಾ ಬೆಳಕೆಲಿ ತಮ್ಮನ ಮನೇಲಿದ್ದೆ ಅಲ್ದಾ? ನೀ ಧಾರವಾಡದಲ್ಲಿದ್ದೆ. ಮನೆಗೆ ನೀರು ಬಂತು, ಎಲ್ರೂ ಶಾಲಿಗೆ ಹೋದ್ವು. ಎರಡು ಗೋಣಿ ಒಣಮೀನು ತಲೆ ಮೇಲೆ ಹೊತ್ಕಂಡೇ ಹೋದೆ. ಅದ್ನ ಬಿಟ್ರೆ ಮಳೆಗಾಲಕ್ಕೆ ಎಂತ ಉಂಟು ನಮ್ಗೆ?"

"ಮತ್ತೆ?"

"ಎರಡ್ನೇ ದಿನ ಹೆಂಗಸ್ರೆಲ್ಲ ಗಂಟು ಕಟ್ಟಿದ್ರು. ಬೇಳೆಸಾರು ಉಂಡು ನಾಲಿಗೆ ಸತ್ತೋತು, ಮನಿಗೆ ಹೋಗಿ ಮೀನು ಸುಟ್ಕಂಡು ಉಂಬ ಅಂದ್ರು. ಮನೇಲಿ ನೀರು ಇನ್ನೂ ಇತ್ತು. ಆ ಮಾಣಿ ಬಾಗಿಲಿಗೆ ಅಡ್ಡ ನಿಂತ. 'ಮೀನು ಕೊಟ್ರೆ ಇರ್ತೀರಾ?' ಕೇಳ್ದ. ನನ್ನ ಹತ್ರ ಒಂದು ಗೋಣಿ ತಕಂಡ."

ಮಂಜಿಗೆ ಮತ್ತೆ ನಗು ಬಂತು. "ತಕಂಡವ ಅಡುಗೆಯವನಿಗೆ ಕೊಟ್ಟ. ಅವನೂ ಭಟ್ಟ. ಉಪ್ಪು ತೊಳೀಲಿಲ್ಲ, ಹುರೀಲಿಲ್ಲ. ಇಬ್ರೂ ಮೂಗಿಗೆ ಪಂಜಿ ಬಟ್ಟೆ ಕಟ್ಕಂಡು, ಬೇಳೆ ಸಾಂಬಾರಿಗೇ ಸುರ್ದು ಕುದ್ಸಿದ್ರು ಮಗಾ... ನಾಯಿ ಸಮೇತ ಮೂಸ್ಲಿಲ್ಲ!"

"ಅಯ್ಯೋ."

"ಮತ್ತೊಂದು ಗೋಣಿ ತಕಂಡ. ಆಗ ನಾನೇ ಒಲೆ ಹತ್ರ ಹೋಗಿ, 'ಭಟ್ರೇ, ಆಚೆ ನಿಲ್ಲಿ' ಅಂದೆ. ಹುರ್ದು ಚಟ್ನಿ ಮಾಡ್ದೆ. ನೀರು ಇಳಿಯೂವರಿಗೂ ಒಬ್ರೂ ಹೊರಗೆ ಹೋಗ್ಲಿಲ್ಲ."

ಅದಕ್ಕೇ ಎರಡು ಗೋಣಿಯ ಖರ್ಚು. ಅದಕ್ಕೇ ಚುಕ್ಕೆ ಅಷ್ಟು ಕೆಂಪು!

"ಬಿಲ್ ಕೊಟ್ಟಿದ್ಯಾ ಆಯಿ?"

"ಒಣಮೀನಿಗೆ ಬಿಲ್ಲಾ? ಅವ ಕೇಳ್ದ, ಕೇಳ್ಲಿಲ್ಲ ಅಂತಲ್ಲ. ನಂಗೆ ಕಚೇರಿ ತಿರುಗೂದು ಬ್ಯಾಡ, ನನ್ನ ಹೆಸ್ರು ಎಲ್ಲೂ ಬರೀಬೇಡ ಅಂದೆ. ಆತು ಮಂಜಕ್ಕ ಅಂದ."

ಸುಷ್ಮಾ ನಿಧಾನವಾಗಿ ಕೇಳಿದಳು. "ನನ್ನ ವಿಷಯ ಅವನಿಗೆ ಹೇಳಿದ್ದೆಯಾ?"

"ಹೇಳ್ದೆ ಇರ್ತೆನಾ? ಮೊಬೈಲಲ್ಲಿ ನಿನ್ನ ಫೋಟೋನೂ ತೋರ್ಸಿದ್ದೆ. ದೊಡ್ಡ ಲೆಕ್ಕ ಕಲೀತಾಳೆ ಅಂತ."

ನಿಮಗೆ ಮಾತ್ರ ಹೇಳೂಕಾಗೂದಿಲ್ಲ...

ಅವಳು ತಾಯಿಯ ಪಕ್ಕ ಕೂತಳು. ಅವನು ಬಾಯಿಬಿಟ್ಟರೆ ಅವಳೇ ಬರೆಯುವ ವರದಿಯಲ್ಲಿ ಬರುವುದು ಅವಳ ತಾಯಿಯ ಹೆಸರು. ಕೆಲಸ ಹೋಗುವ ಹೊತ್ತಿನಲ್ಲೂ ಕೊಟ್ಟ ಮಾತು ಹಿಡಿದು ಕೂತಿದ್ದ. ತಾನೋ, ಚಾ ಬಿಟ್ಟು ಬಸ್ಸು ಹತ್ತಿದ್ದಳು.

ವಿಷಯವೆಲ್ಲ ತಿಳಿದ ಮೇಲೆ ಮಂಜಿ ಸಿಗಡಿಯ ಮೊರ ಬದಿಗಿಟ್ಟಳು. "ಕೆಲ್ಸಕ್ಕೇ ಬಂತಾ? ಹಂಗಾದ್ರೆ ನಾ ಬಂದು ಹೇಳ್ತೆ. ನನ್ನ ಹೆಸ್ರಿಗೆ ಎಂತ ಹುಳ ಬೀಳ್ತದಾ?"

*

ತಾಯಿಯ ಮಾತೊಂದೇ ಸಾಲದು ಎಂದು ಸುಷ್ಮಾಳಿಗೆ ಗೊತ್ತಿತ್ತು. ಮರುದಿನ ಅದೇ ಸರಕಾರದ ಅಂಕಿಗಳನ್ನು ಮತ್ತೆ ತೆರೆದಳು. ಖರ್ಚಿನ ಪಕ್ಕದಲ್ಲೇ ಇನ್ನೊಂದು ಕಾಲಮಿತ್ತು. ಪ್ರತಿದಿನ ಎಷ್ಟು ಮಂದಿ ಉಂಡರು ಎಂಬುದು. ಮೊದಲ ಸಲ ಅದನ್ನು ಒಟ್ಟು ಕೂಡಿಸಿ ಬಿಟ್ಟಿದ್ದಳು. ಈಗ ದಿನ ದಿನಕ್ಕೆ ಬಿಡಿಸಿ, ಕೇಂದ್ರಕ್ಕೊಂದು ಗೆರೆ ಎಳೆದು, ನೀರು ಎಂದು ಇಳಿಯಿತೆಂಬ ದಾಖಲೆಯ ಪಕ್ಕದಲ್ಲಿಟ್ಟಳು.

ಮಾವಳ್ಳಿ, ಅದರಾಚೆ ಹೊನ್ನಾವರ, ಕುಮಟಾ... ಮೀನುಗಾರರ ಕೇರಿಗಳಿದ್ದ ಕಡೆಯೆಲ್ಲ ಒಂದೇ ಕಥೆ. ನೀರು ನಿಂತಿದ್ದಾಗಲೇ, ಮೂರನೇ ದಿನಕ್ಕೆ ಊಟದ ಮಂದಿ ಅರ್ಧಕ್ಕೂ ಕಡಿಮೆ. ಜನ ನೀರು ತುಂಬಿದ ಮನೆಗೆ ಮರಳಿದ್ದರು. ಹೊನ್ನಮ್ಮ ತಮಾಷೆ ಮಾಡಿರಲಿಲ್ಲ.

ಬೆಳಕೆಯ ಗೆರೆ ಮಾತ್ರ ನೀರು ಇಳಿಯುವವರೆಗೂ ನೆಟ್ಟಗಿತ್ತು.

*

ಮುಂದಿನ ಸಭೆಯಲ್ಲಿ ಅವಳು ಬೆಳಕೆಯ ಗೆರೆಯನ್ನೂ ಉಳಿದ ಕೇಂದ್ರಗಳ ಗೆರೆಗಳನ್ನೂ ತೋರಿಸಿದಳು. "ಮೊದಲ ವರದಿಯಲ್ಲಿ ತಪ್ಪು ನನ್ನದು. ಖರ್ಚು ನೋಡಿದೆ, ಖರ್ಚಿನಿಂದ ಆದದ್ದು ನೋಡ್ಲಿಲ್ಲ," ಎಂದಳು. ಮೀನು ಮಾರಿದವಳು ತನ್ನ ತಾಯಿಯೇ ಎಂಬುದನ್ನೂ ಮುಚ್ಚಿಡಲಿಲ್ಲ. ರಮಾನಂದ ಕೂತಲ್ಲೇ ಬೆಚ್ಚಿದ. ಮಂಜಿ ಎದ್ದು ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂದು ಹೇಳಿದಳು. ಸಾಂಬಾರಿನ ಕಥೆಗೆ ತಹಶೀಲ್ದಾರರೂ ನಕ್ಕರು.

"ಬಿಲ್ ಇಲ್ದೆ ತಕಂಡದ್ದು ತಪ್ಪೇ ರೀ ಭಟ್ರೇ. ಎಚ್ಚರಿಕೆ ಪತ್ರ ಬರ್ತದೆ. ಅಮಾನತು ಬ್ಯಾಡ." ಆಮೇಲೆ ಗುಮಾಸ್ತರಿಗೆ, "ಕರಾವಳಿ ಕೇಂದ್ರಗಳ ಊಟಕ್ಕೆ ಒಣಮೀನು ಸೇರ್ಸಬೇಕು ಅಂತ ಜಿಲ್ಲೆಗೆ ಬರೀರಿ," ಎಂದರು.

ಸಭೆ ಮುಗಿದು ಹೊರಗಿನ ಜಗಲಿಯಲ್ಲಿ ಇಬ್ಬರೇ ಉಳಿದರು. ಮಂಜಿ ಬೇಕೆಂದೇ ಮುಂದೆ ನಡೆದಿದ್ದಳು.

"ಚುಕ್ಕೆಯ ಬಣ್ಣ ಬದಲಿಸ್ಲಿಲ್ಲ ನೀವು," ಎಂದ ರಮಾನಂದ.

"ಯಾಕೆ ಬದಲಿಸ್ಬೇಕು? ಉಳಿದವರ ಹಾಗಿಲ್ಲ ಅನ್ನೂದು ನಿಜ ಅಲ್ದಾ?"

ಅವನು ನಕ್ಕ. "ಮೊದಲ ದಿನವೇ ಗುರುತು ಸಿಕ್ಕಿತ್ತು. ಮಂಜಕ್ಕನ ಮಗಳು ಅಂತ ಖುಷಿಯಾತು. ಅಷ್ಟರಲ್ಲಿ ನೀವು ನನ್ನ ಕೇಂದ್ರಕ್ಕೆ ಕೆಂಪು ಹಚ್ಚಿದ್ರಿ."

"ಆ ದಿನ ಚಾದಂಗಡಿಯಲ್ಲಿ... ನಾನು ಹಾಗೆ ಹೋಗ್ಬಾರದಿತ್ತು."

"ನಿಮ್ಮ ಚಾ ನಾನೇ ಕುಡಿದೆ." ಅವನ ದನಿ ಮೆತ್ತಗಾಯಿತು. "ಅವತ್ತೇ ಕತಗಾಲದ ನಮ್ಮನೆಗೆ ಫೋನ್ ಮಾಡಿದ್ದೆ. ನಿಮ್ಮ ವಿಷಯ ನಮ್ಮ ಆಯಿಗೆ ಹೇಳಿದೆ."

ಸುಷ್ಮಾ ಥಟ್ಟನೆ ಅವನತ್ತ ತಿರುಗಿದಳು. "ಎಂತ ಹೇಳಿದ್ರು?"

"'ಮೀನು ತಿಂಬವು ಅಲ್ದಾ?' ಅಂದ್ಳು. ಹೌದು ಅಂದೆ. ಆಮೇಲೆ ಸುಮಾರು ದಿನ ಫೋನ್ ಎತ್ಲಿಲ್ಲ. ನಿನ್ನೆ ಅವಳೇ ಮಾಡಿ, 'ಒಂದಿನ ಊಟಕ್ಕೆ ಕರ್ಕಂಡು ಬಾ' ಅಂದ್ಳು."

"ನನಗೆ ಹೇಳದೇ ಆಯಿಗೆ ಯಾಕೆ ಹೇಳಿದ್ರಿ?"

"ಆಯಿ ಒಪ್ಪೂದು ಕಷ್ಟ. ಕಷ್ಟದ ಕೆಲಸ ಮೊದಲು ಮುಗಿಸುವಾ ಅಂತ."

"ನಾನು ಒಪ್ಪೂದು ಸುಲಭ ಅಂತ ಯಾರು ಹೇಳಿದ್ದು?"

ಅವನ ಮುಖದ ನಗು ಮಾಯವಾಯಿತು. ನೋಟಿಸು ಕೈಗೆ ಬಂದಾಗಲೂ ಅವನು ಇಷ್ಟು ಹೆದರಿರಲಿಲ್ಲ. ಸುಷ್ಮಾ ಅವನನ್ನು ಹೆಚ್ಚು ಹೊತ್ತು ಕಾಯಿಸಲಿಲ್ಲ.

"ಆತು. ಆದ್ರೆ ಸಾಂಬಾರು ನೀವು ಮಾಡ್ಬೇಕು. ಮೀನು ನಾನು."

"ಬೇರೆ ಬೇರೆ ಪಾತ್ರೆಯಲ್ಲಾ?"

"ಬೇರೆ ಬೇರೆ ಪಾತ್ರೆಯಲ್ಲೇ," ಎಂದಳು ಅವಳು. "ಒಲೆ ಒಂದೇ."