ಗಂಧ ಹತ್ತದ ಮಾಸ್ಕು

ಬೆಳಗಿನ ಆರು ಗಂಟೆಗೆ ರಾಜಮತಿ ಗಂಡನ ಭುಜ ಅಲುಗಾಡಿಸಿದರು. ಮೈ ತಣ್ಣಗಿತ್ತು. ಮುಖದ ಮೇಲೆ ಮಾಸ್ಕು ಹಾಗೇ ಇತ್ತು. ಅದನ್ನು ಬಿಚ್ಚಿ ದಿಂಬಿನ ಪಕ್ಕ ಇಟ್ಟು ಮಗನನ್ನು ಕೂಗಿದರು.

ಗೋಕಾಕದಲ್ಲಿ ರಾವಸಾಹೇಬ ಮಗದುಮ್ಮರ ಬಟ್ಟೆ ಅಂಗಡಿ ಗೊತ್ತಿಲ್ಲದವರಿಲ್ಲ. ಅವರ ಗೊರಕೆಯೂ ಅಷ್ಟೇ ಪ್ರಸಿದ್ಧ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ ಎಂದು ಮೀರಜಿನ ವೈದ್ಯರು ಮೈಗೆಲ್ಲ ವೈರು ಹಚ್ಚಿ, ಒಂದು ರಾತ್ರಿ ಮಲಗಿಸಿ ಪತ್ತೆ ಮಾಡಿದ್ದರು. ಅಂದಿನಿಂದ ಹಾಸಿಗೆಯ ಪಕ್ಕ ಒಂದು ಮಷಿನ್. ಅದು ಕೊಳವೆಯಿಂದ ಮಾಸ್ಕಿಗೆ ಗಾಳಿ ಒತ್ತುತ್ತದೆ, ಗಂಟಲು ತೆರೆದೇ ಇರುತ್ತದೆ. ಒಂದು ವರ್ಷ ಚೆನ್ನಾಗಿ ನಿದ್ದೆ ಮಾಡಿದರು. 2005ರ ಜನವರಿಯ ಈ ಚಳಿಯಲ್ಲಿ ಏಳಲೇ ಇಲ್ಲ.

ಐವತ್ತೆಂಟರ ಭಾರೀ ಮನುಷ್ಯ, ಹೃದಯ ನಿಂತಿರಬೇಕು ಎಂದು ಬಂದವರೆಲ್ಲ ಒಪ್ಪಿಕೊಂಡಿದ್ದರು. ಒಪ್ಪದವನು ಮಗ ತೇಜಸ. ಮಷಿನ್ ಕೊಟ್ಟ ಹುಕ್ಕೇರಿಯ ಅಂಗಡಿಕಾರ ಲಕ್ಷ್ಮಣನಿಗೆ ಫೋನ್ ಮಾಡಿ, ನಿನ್ನ ಮಷಿನ್ನೇ ಅಪ್ಪನನ್ನು ಕೊಂದಿತು ಎಂದು ಬಾಯಿಗೆ ಬಂದಂತೆ ಬೈದ. ಏಳೂವರೆಗೆಲ್ಲ ಲಕ್ಷ್ಮಣ ಬೈಕಿನಲ್ಲಿ ಹಾಜರಾದ. ಹೆಗಲಿಗೆ ಚೀಲ. ಒಬ್ಬನೇ ಕೋಣೆಗೆ ಹೋಗಿ ತಪಾಸು ಮಾಡಿ ಹೊರಗೆ ಬಂದ.

"ಮಷಿನ್ ಚೊಲೋ ಐತ್ರಿ. ಗ್ವಾಡಿ ಮ್ಯಾಲಿನ ಬಟನ್ ಯಾರೋ ಆರಿಸ್ಯಾರ."

ಎಲ್ಲರ ಕಣ್ಣು ಸೊಸೆ ತೃಪ್ತಿಯ ಕಡೆ ಹೊರಳಿತು. ಪೊಲೀಸರಿಗೆ ಹೇಳಿಕಳಿಸಿದರು.

* * *

ಪಿಎಸ್‌ಐ ಯಲ್ಲಾರಿ ಬಂದಾಗ ಮನೆಯವರು ತೀರ್ಪು ಬರೆದೇ ಮುಗಿಸಿದ್ದರು. ತೃಪ್ತಿಗೆ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು. ಮಾವ ಬೇಡವೆಂದಿದ್ದರು. ಹಿಂದಿನ ಸಂಜೆ ಅದೇ ಮಾತಿಗೆ ಜಗಳ. ಬೆಳಗಿನ ಐದಕ್ಕೆ ಆ ಕೋಣೆಗೆ ಹೋಗಿ ಬಂದವಳೂ ಅವಳೇ. ಸಾಕಲ್ಲ?

"ಇಕಿನ ಮಾಡ್ಯಾಳ್ರಿ," ಎಂದರು ರಾಜಮತಿ. ತೇಜಸ ಹೆಂಡತಿಯ ಮುಖ ನೋಡಲಿಲ್ಲ. ಯಲ್ಲಾರಿಗೆ ಸಿಟ್ಟು ಬಂದದ್ದು ಆ ಗಂಡನ ಮೇಲೆ.

ತೃಪ್ತಿ ಅಳುತ್ತಿರಲಿಲ್ಲ. ಐದಕ್ಕೆ ಎದ್ದಾಗ ಕರೆಂಟ್ ಇರಲಿಲ್ಲ, ಮಾವನ ಕೋಣೆಯಲ್ಲಿದ್ದ ಕಂದೀಲು ತರಲು ಹೋದೆ, ಮಷಿನ್ ಆಗಲೇ ನಿಂತಿತ್ತು ಎಂದಳು. ಉಳಿದವರು ಎದ್ದದ್ದು ಆರಕ್ಕೆ. ಆಗ ದೀಪ ಉರಿಯುತ್ತಿತ್ತು. ಹೀಗಾಗಿ ಅವಳ ಮಾತನ್ನು ಯಾರೂ ನಂಬಲಿಲ್ಲ.

ಯಲ್ಲಾರಿ ಶವದ ಬಳಿ ಬಗ್ಗಿದ. ಹಣೆಯ ನಡುವೆ ಹಳದಿ ಗಂಧ ಚೌಕವಾಗಿ ಒತ್ತಿ ಹರಡಿತ್ತು.

ದಿನಾ ಸಂಜೆ ಬಸದಿಯ ಆರತಿಗೆ ಹೋಗುತ್ತಿದ್ದರು, ಹಚ್ಚಿಕೊಂಡ ಗಂಧವನ್ನು ಮರುದಿನದ ಸ್ನಾನದವರೆಗೆ ಒರೆಸುತ್ತಿರಲಿಲ್ಲ ಎಂದು ರಾಜಮತಿ ವಿವರಿಸಿದರು.

ಯಲ್ಲಾರಿ ಮಾಸ್ಕು ಎತ್ತಿಕೊಂಡ. ಈ ವಸ್ತು ಅವನಿಗೆ ಹೊಸದಲ್ಲ. ಜೀಪಿನಲ್ಲೇ ಗೊರಕೆ ಹೊಡೆದು ಪೇದೆಗಳ ನಗೆಗೀಡಾದ ಮನುಷ್ಯ ಅವನು. ಹದಿನೈದು ದಿನದ ಹಿಂದೆ ಇದೇ ಲಕ್ಷ್ಮಣನಿಂದ ಇಂಥದೇ ಒಂದನ್ನು ತಂದಿದ್ದ. ಮೂಗು ಬಾಯಿ ಮುಚ್ಚುವ ಬಟ್ಟಲು, ಹಣೆಗೆ ಆನಿಸುವ ರಬ್ಬರ್ ಮೆತ್ತೆ. ಮೆತ್ತೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಆಮೇಲೆ ಮಷಿನ್ ಚಾಲೂ ಮಾಡಿದ. ಮಾಸ್ಕಿನ ಮುಂದಿನ ತೂತುಗಳಿಂದ ಸೊಂಯ್ ಎಂದು ಗಾಳಿ ಹೊರಟಿತು.

ರಾಜಮತಿ ಬೆಚ್ಚಿದರು.

"ಈ ಸಪ್ಪಳ ಬಂದಾಗಿತ್ತಲ್ರಿ. ನನ್ನ ಮಾರಿಗೇ ಗಾಳಿ ಹೊಡಿತಿತ್ತು. ಲಕ್ಷ್ಮಣಗ ಹೇಳಿದ್ದೆ. ನಾಕ ದಿನದ ಹಿಂದ ಬಂದು ಬಂದ್ ಮಾಡಿ ಹೋಗಿದ್ದ."

"ಆ ನಾಕ ದಿನ ಯಜಮಾನ್ರ ತಬ್ಯೇತಿ ಹ್ಯಾಂಗಿತ್ರಿ?"

"ಮುಂಜಾನೆದ್ರ ತಲಿನೋವು ಅಂತಿದ್ರು."

ಯಲ್ಲಾರಿ ಮಾಸ್ಕನ್ನು ಕಾಗದದಲ್ಲಿ ಸುತ್ತಿಕೊಂಡ. ಸೊಸೆಯನ್ನು ಠಾಣೆಗೆ ಯಾವಾಗ ಒಯ್ಯುತ್ತೀರಿ ಎಂದು ಯಾರೋ ಹಿರಿಯರು ಕೇಳಿದರು. ಸಂಜೆಯವರೆಗೆ ತಡೆಯಿರಿ ಎಂದ.

* * *

ವಿದ್ಯುತ್ ಕೇಂದ್ರದಲ್ಲಿ ಒಂದೇ ಪ್ರಶ್ನೆ ಕೇಳಿದ. ದುರಸ್ತಿಗೆಂದು ಮೂರರಿಂದ ಐದೂಮುಕ್ಕಾಲರವರೆಗೆ ಆ ಓಣಿಯ ಲೈನ್ ಬಂದ್ ಇತ್ತು ಎಂದು ಉತ್ತರ ಬಂತು. ಶವ ಪರೀಕ್ಷೆ ಮಾಡಿದ ವೈದ್ಯರು ಉಸಿರುಗಟ್ಟಿ ಸತ್ತಂತಿದೆ, ಹೊತ್ತು ನಾಲ್ಕರ ಸುಮಾರಿಗೆ ಎಂದರು. ಕರೆಂಟ್ ಹೋದರೆ ಈ ಮಾಸ್ಕು ಹಾಕಿಕೊಂಡವರು ಸಾಯುತ್ತಾರೆಯೇ ಎಂದು ಯಲ್ಲಾರಿ ಕೇಳಿದ. ಆ ಪ್ರಶ್ನೆಯಲ್ಲಿ ಅವನ ಸ್ವಂತ ಭಯವೂ ಇತ್ತು.

ಇಲ್ಲ ಎಂದರು ವೈದ್ಯರು. ಬಿಟ್ಟ ಉಸಿರು ಹೊರಗೆ ಹೋಗಲೆಂದೇ ಆ ತೂತುಗಳಿವೆ. ಮಷಿನ್ ನಿಂತರೆ ಹೊರಗಿನ ಗಾಳಿ ಒಳಗೆ ಬರಲು ಪಕ್ಕದಲ್ಲೊಂದು ಪುಟ್ಟ ಬಾಗಿಲೂ ಇದೆ. ಎರಡೂ ತೆರೆದಿದ್ದರೆ ಮನುಷ್ಯ ಉಸಿರಾಡುತ್ತಾನೆ.

* * *

ಮಧ್ಯಾಹ್ನ ಹುಕ್ಕೇರಿ. ಯಲ್ಲಾರಿಯನ್ನು ಕಂಡು ಲಕ್ಷ್ಮಣ ಏನೂ ಆಗಿಲ್ಲವೆಂಬಂತೆ, ಹಳೇ ಗಿರಾಕಿಯೆಂದು ಚಹಾ ತರಿಸಿದ.

"ನಿಮ್ದೂ ಸೋಮವಾರ ಸಪ್ಪಳ ಬಂದ್ ಮಾಡಿ ಕೊಡ್ತೇನ್ರಿ, ಸಾಹೇಬ್ರ. ಮನಿಯವ್ರು ಬೇಜಾರಾಗ್ಯಾರ ಅಂದಿದ್ರಿ."

ಯಲ್ಲಾರಿ ಚಹಾ ಕೆಳಗಿಟ್ಟ. ಮರೆತೇಬಿಟ್ಟಿದ್ದ. ಮುಖಕ್ಕೆ ಗಾಳಿ ಹೊಡೆಯುತ್ತದೆ ಎಂದು ಹೆಂಡತಿ ಶಿವವ್ವ ಪಡಸಾಲೆಗೆ ಹಾಸಿಗೆ ಒಯ್ದಾಗ, ಅವನೇ ಲಕ್ಷ್ಮಣನ ಹತ್ತಿರ ಗೋಳು ಹೇಳಿಕೊಂಡಿದ್ದ.

"ಹ್ಯಾಂಗ ಬಂದ್ ಮಾಡ್ತಿ?"

ಜೊತೆಗೆ ಬಂದಿದ್ದ ಪೇದೆ ಒಳಗಿನಿಂದ, ಬೆಳಗ್ಗೆ ಲಕ್ಷ್ಮಣನ ಹೆಗಲಿಗಿದ್ದ ಚೀಲ ತಂದ. ತಳದಲ್ಲಿ ಒಂದು ಮಾಸ್ಕು ಸಿಕ್ಕಿತು. ಹಣೆಯ ಮೆತ್ತೆ ಹಳದಿ. ಮುಂದಿನ ತೂತುಗಳಿಗೂ ಪಕ್ಕದ ಬಾಗಿಲಿಗೂ ಗಟ್ಟಿ ಅಂಟು ಮೆತ್ತಿತ್ತು.

"ಇಂಥವು ಇನ್ನೆಷ್ಟ ಅದಾವು?"

ಲಕ್ಷ್ಮಣ ಬಾಯಿಬಿಟ್ಟ. "ಮೂಡಲಗಿಗೆ ಒಂದ ಐತ್ರಿ. ಕರೆಪ್ಪಗ ಕೊಟ್ಟೇನಿ."

ಯಲ್ಲಾರಿ ಮೂಡಲಗಿ ಠಾಣೆಗೆ ಫೋನ್ ಹಚ್ಚಿದ. ಊಟ ಮಾಡಿ ಮಾಸ್ಕು ಹಾಕಿಕೊಂಡು ಅಡ್ಡಾಗಿದ್ದ ಕರೆಪ್ಪನನ್ನು ಅಲ್ಲಿನ ಪೇದೆ ಎಬ್ಬಿಸಿದ. ನಿದ್ದೆ ಕೆಟ್ಟಿತೆಂದು ಕರೆಪ್ಪ ಅವನಿಗೆ ಚೆನ್ನಾಗಿ ಬೈದನಂತೆ. ಬೈಯಲು ಉಸಿರಿತ್ತಲ್ಲ, ಯಲ್ಲಾರಿಗೆ ಅಷ್ಟು ಸಾಕಿತ್ತು.

* * *

ಸಂಜೆ ಲಕ್ಷ್ಮಣನನ್ನೂ ಕರೆತಂದು, ಮಗದುಮ್ಮರ ಪಡಸಾಲೆಯಲ್ಲಿ ಯಲ್ಲಾರಿ ಎರಡೂ ಮಾಸ್ಕುಗಳನ್ನು ಅಕ್ಕಪಕ್ಕ ಇಟ್ಟ.

ನಾಲ್ಕರ ಸುಮಾರಿಗೆ ಜೀವ ಹೋಯಿತು. ಮೂರರಿಂದಲೇ ಕರೆಂಟ್ ಇರಲಿಲ್ಲ, ಮತ್ತೆ ಬಂದರೂ ಈ ಮಷಿನ್ ತಾನಾಗಿ ಚಾಲೂ ಆಗುವುದಿಲ್ಲ. ನಿಂತ ಮಷಿನ್ನಿನ ಬಟನ್ನನ್ನು ಸೊಸೆ ಯಾಕೆ ಆರಿಸಬೇಕು? ಕರೆಂಟ್ ಹೋದ ಸುದ್ದಿ ಹುಕ್ಕೇರಿಯಿಂದ ಬಂದವನಿಗೆ ಗೊತ್ತಿರಲಿಲ್ಲ. ತಪಾಸಿನ ನೆಪದಲ್ಲಿ ಅವನೇ ಬಟನ್ ಆರಿಸಿದ, ಮಾಸ್ಕನ್ನೂ ಬದಲಿಸಿದ.

"ಗಂಧ ಹಣಿ ಮ್ಯಾಲ ಒತ್ತೇತಿ, ಆದ್ರ ಇಲ್ಲಿದ್ದ ಮಾಸ್ಕಿಗೆ ಹತ್ತಿಲ್ಲ. ವರ್ಷಪೂರ್ತಿ ಹಚ್ಚಿದ್ದು ಎಲ್ಲಿ ಹೋತು?"

"ತೊಳದ್ರೂ ಆ ಕಲಿ ಹೋಗ್ತಿರ್ಲಿಲ್ರಿ," ಎಂದರು ರಾಜಮತಿ, ಹಳದಿ ಮೆತ್ತೆಯನ್ನೇ ನೋಡುತ್ತ.

ನಾಲ್ಕು ದಿನದ ತಲೆನೋವು ಆ ಅಂಟಿನದು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದರು. ಗಾಳಿ ನಿಂತ ರಾತ್ರಿ ಅದೂ ಸಾಲಲಿಲ್ಲ. ಲಕ್ಷ್ಮಣ ತನ್ನ ತಪ್ಪನ್ನು ಒಪ್ಪಿಕೊಂಡಿದ್ದರೆ ಅಜಾಗರೂಕತೆ ಎನ್ನಬಹುದಿತ್ತು. ಒಬ್ಬ ಹೆಣ್ಣುಮಗಳ ತಲೆಗೆ ಕೊಲೆ ಕಟ್ಟಲು ಹೋದದ್ದನ್ನು ಏನೆನ್ನಬೇಕು? ಅವನನ್ನು ಜೀಪಿಗೆ ಹತ್ತಿಸಿದರು.

ತೇಜಸ ಹೆಂಡತಿಯ ಹತ್ತಿರ ಬಂದು ನಿಂತ. ಅವಳು ಸರಿದು ಕೂತಳು.

ರಾಜಮತಿ ಸೊಸೆಯ ಕಡೆ ತಿರುಗಿದರು.

"ಸಪ್ಪಳ ಬಂದ್ ಮಾಡಂದಾಕಿ ನಾನ. ನಿನ್ನ ಮ್ಯಾಲ ಹಾಕಿದ್ನೆಲ್ಲವಾ."

ತೃಪ್ತಿಗೆ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ. ಆದರೂ ಹೇಳಿದಳು:

"ಅತ್ತಿ, ನೀವು ಸಪ್ಪಳ ಬಂದ್ ಮಾಡ ಅಂದ್ರಿ. ಉಸಿರು ಬಂದ್ ಮಾಡ ಅಂದಿಲ್ಲ."

ಆಗ ಮುದುಕಿ ಅತ್ತರು, ಬೆಳಗಿನಿಂದ ಮೊದಲ ಸಲ. ಸೆರಗಿನಿಂದ ಮುಖ ಒರೆಸಿಕೊಂಡು, ನಿಡಸೋಸಿಗೆ ಯಾವಾಗ ಹೋಗುವುದಿದೆ ಎಂದು ಕೇಳಿದರು. ಮುಂದಿನ ತಿಂಗಳು ಎಂದಳು ಸೊಸೆ.

"ಅಷ್ಟೊತ್ತಿಗೆ ಸೂತಕ ಕಳದಿರ್ತೈತಿ. ಮುಂಜಾನೆ ಬುತ್ತಿ ನಾ ಕಟ್ತೇನಿ."